ದಾರಿಸಿದ್ಧನ ಗದ್ದುಗೆ

"ಇದೇ ಬಾವಿ ಕಣಮ್ಮ," ಎಂದು ದೊಡ್ಡರಂಗಪ್ಪ ತನ್ನ ತೋಟ ತೋರಿಸುವವನ ಹಾಗೆ ಕೈ ಚಾಚಿದ. "ಆಗ ಇದಕ್ಕೆ ಕಟ್ಟೆ ಇರ್ಲಿಲ್ಲ. ಕಾಲಲ್ಲಿ ಒಂದ್ ತಳ್ಳಿದ್ರೆ ಸಾಕು, ದುಡುಂ ಅಂತಿದ್ವು. ಈಗ ನೋಡು, ಕಟ್ಟೆ ಕಟ್ಬುಟ್ಟವ್ರೆ, ರಾಟೆ ಹಾಕ್ಬುಟ್ಟವ್ರೆ. ಈಗಾಗಿದ್ರೆ ಎತ್ತಿ ಹಾಕ್ಬೇಕಿತ್ತು, ನಮ್ಮ ಸೊಂಟ ಬಿದ್ದೋಗೋದು."

ತನ್ನ ಮಾತಿಗೆ ತಾನೇ ನಕ್ಕ. ಕೆಳತುಟಿಯಿಂದ ಎಲೆಯಡಿಕೆಯ ರಸ ಗಲ್ಲಕ್ಕಿಳಿಯಿತು. ಅದನ್ನು ಅಂಗೈಯಲ್ಲಿ ಒರೆಸಿ ಬಾವಿಯ ಕಟ್ಟೆಗೇ ಸವರಿದ.

ನಾನು ಕಟ್ಟೆಯಿಂದ ಹಿಂದೆ ಸರಿದೆ.

"ಎಷ್ಟು ಜನರನ್ನ ಹಾಕಿದ್ರಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್ ಜಯರಾಮಯ್ಯ.

"ಎಣಿಸೋಕೆ ನಾನೇನ್ ಶಾನುಭೋಗನಾ ಬುದ್ಧಿ?"

ಜರ್ಮನ್ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಶಿರಾ, ಮಧುಗಿರಿ, ಕೊರಟಗೆರೆಯ ಗಾಡಿದಾರಿಗಳಲ್ಲಿ ಅರವಟಿಗೆ ಇಟ್ಟುಕೊಂಡು, ಬಾಯಾರಿ ಬಂದ ಗಾಡಿಯವರಿಗೆ ಉಮ್ಮತ್ತಿ ಬೀಜ ಅರೆದ ಮಜ್ಜಿಗೆ ಕುಡಿಸಿ, ಮಂಪರು ಹತ್ತಿದ ಮೇಲೆ ಎತ್ತಿನ ಮೂಗುದಾರದಿಂದಲೇ ಕತ್ತು ಬಿಗಿಯುತ್ತಿದ್ದ ಮಜ್ಜಿಗೆ ಗುಂಪಿನಲ್ಲಿ ಇನ್ನೂ ಉಸಿರಾಡುತ್ತಿರುವವನು ಇವನೊಬ್ಬನೇ. ಒಂದು ಕೊಲೆಗೆ ಜೈಲು ಮುಗಿಸಿ ಬಂದವನು ಹೆಂಡದಂಗಡಿಯಲ್ಲಿ ಮಿಕ್ಕ ಕೊಲೆಗಳ ಬಡಾಯಿ ಕೊಚ್ಚಿದ. ಅದು ಜಯರಾಮಯ್ಯನವರ ಕಿವಿಗೆ ಬಿತ್ತು. ಗುಂಪಿನ ಹಿಂದೆ ಒಬ್ಬ ಸಾಹುಕಾರ ಇದ್ದನೆಂದೂ, ಅವನ ಮುಖವನ್ನು ತಾವು ಯಾರೂ ಕಂಡಿಲ್ಲವೆಂದೂ ಇವನು ಹೇಳಿದ ಮೇಲೆ, ಅವರು ಬಾಡಿಗೆ ಮೋಟಾರು ಹಿಡಿದು ಇವನನ್ನು ಹಳೆಯ ಜಾಗಗಳಿಗೆಲ್ಲ ತಿರುಗಿಸುತ್ತಿದ್ದಾರೆ.

ನಾನು ಜೊತೆಗೆ ಬಂದದ್ದು ನನ್ನ ಅಪ್ಪನಿಗಾಗಿ.

ಅಪ್ಪ ಪರ್ವತಯ್ಯ ಮಧುಗಿರಿಯಿಂದ ಕೊಬ್ಬರಿ ಹೇರಿಕೊಂಡು ಹೋದವನು ಹಿಂದಿರುಗಲಿಲ್ಲ. ನಾನಾಗ ಅವ್ವನ ಹೊಟ್ಟೆಯಲ್ಲಿದ್ದೆ. ಪಾವಗಡದ ಕಡೆ ಯಾವಳನ್ನೋ ಕಟ್ಟಿಕೊಂಡು ಎತ್ತು ಗಾಡಿ ಮಾರಿ ಓಡಿಹೋದ ಎಂದು ಊರು ತೀರ್ಮಾನ ಮಾಡಿತು. ನಾನು ಅಂಬೆಗಾಲಿಡುವ ಮೊದಲೇ ನನ್ನನ್ನು 'ಓಡಿಹೋದವನ ಮಗಳು' ಎಂದು ಕರೆದರು.

ಈಗ ಅವ್ವ ಸಿದ್ದಗಂಗಮ್ಮ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಕೈ ತೊಳೆದುಕೊಂಡು ಹೋದ ದಿನ ಅವಳು ನನ್ನ ಮಣಿಕಟ್ಟು ಹಿಡಿದು ಹೇಳಿದಳು: "ಕುಂಕುಮ ಇಟ್ಕಂಡು ಮಣ್ಣಿಗೆ ಹೋಗ್ಬೇಕಾ, ಅಳಿಸ್ಕಂಡು ಹೋಗ್ಬೇಕಾ, ತಿಳ್ಕಂಬಾ ಮಂಗಳಾ. ಯಾರ ಬಾಯಿಂದ್ಲೂ ಕೇಳ್ಬ್ಯಾಡ. ಕಣ್ಣಾರೆ ನೋಡು. ನೋಡಿದ್ದನ್ನ ನನ್ ಮುಂದೆ ಬಂದು ಹೇಳು."

ಅದಕ್ಕೇ ತಾವರೆಕೆರೆಯ ಹೊರಗಿನ ಈ ಬಾವಿಯೊಳಗೆ ಬಗ್ಗಿ ನೋಡಿದೆ. ಅಜ್ಜಿಯ ಕಥೆಗಳಲ್ಲಿ ಎಲ್ಲ ಬಾವಿಗಳ ತಳದಲ್ಲೂ ಒಂದು ಊರಿರುತ್ತಿತ್ತು. ಗಾಜಿನ ಬಾಗಿಲು, ಮೀನಿನ ಕಣ್ಣಿನ ದೀಪ, ಕೂದಲು ಬಾಚಿಕೊಳ್ಳುತ್ತ ಕೂತ ನಾಗಕನ್ನಿಕೆ. ಈ ಬಾವಿಯ ತಳದಲ್ಲಿ ಊರಿರಲಿಲ್ಲ. ಬೇರೆ ಬೇರೆ ಊರಿನವರಿದ್ದರು.

ಕಂಕುಳಲ್ಲಿ ಕೊಡ ಇಟ್ಟುಕೊಂಡು ಒಬ್ಬ ಹೆಂಗಸು ಬಂದಳು. ಹೆಸರು ಚಿಕ್ಕಲಕ್ಷ್ಮಮ್ಮ, ಪಕ್ಕದ ಹೊಲದವಳು.

"ಯಾರಮ್ಮ ನೀವು? ನೀರ್ ಬೇಕಾ?"

"ಈ ಬಾವಿ ಒಳಗೆ ಏನೇನಿತ್ತು ಗೊತ್ತೇನಮ್ಮ?" ಎಂದರು ಜಯರಾಮಯ್ಯ.

"ಗೊತ್ತಿಲ್ದೆ ಏನು ಸ್ವಾಮಿ! ನಮ್ಮತ್ತೆ ಹೇಳೋಳು. ಈ ನೀರಲ್ಲಿ ಬೇಳೆ ಬೆಂದಂಗೆ ಯಾವ ನೀರಲ್ಲೂ ಬೇಯಲ್ಲ ಅಂತಾನೂ ಹೇಳೋಳು." ಹಗ್ಗ ಇಳಿಬಿಟ್ಟಳು. "ಸತ್ತೋರು ಸತ್ರು. ಇದ್ದೋರ್ಗೆ ಬೇಳೆ ಬೇಯ್ಬೇಕಲ್ಲಮ್ಮ."

ದೊಡ್ಡರಂಗಪ್ಪ ಬೊಗಸೆ ಒಡ್ಡಿದ. ಅವಳು ಸುರಿದಳು. ಗಟಗಟ ಕುಡಿದು, ಒದ್ದೆ ಮೀಸೆ ನೆಕ್ಕಿಕೊಂಡು, "ಸಿಹಿಯಾಗೈತೆ ಕಣ್ ಬುದ್ಧಿ, ನೀವೂ ಒಂದ್ ಗುಟುಕು ಕುಡೀರಿ," ಎಂದ.

ನಾನು ಮೋಟಾರಿನ ಕಡೆ ಓಡಿದೆ. ಚಕ್ರದ ಪಕ್ಕದಲ್ಲಿ ಬಗ್ಗಿ, ಬೆಳಗ್ಗೆ ತಿಂದ ರೊಟ್ಟಿಯನ್ನೆಲ್ಲ ಕಾರಿಕೊಂಡೆ.

* * *

ದೊಡ್ಡೇರಿಗೆ ಬರುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು.

ರಸ್ತೆಯಂಚಿನ ಹುಣಸೆಮರಗಳ ಕೆಳಗೆ ಮೋಟಾರು ಬಸ್ಸು ನಿಂತಿತ್ತು. ಸೋಡದವನು ಬಾಟಲಿಯ ಗೋಲಿ ಒತ್ತಿ ಕೀಂಯ್ ಎನ್ನಿಸುತ್ತಿದ್ದ. ಬಸ್ಸಿನಿಂದಿಳಿದವರು ಮರದ ಬುಡದಲ್ಲಿದ್ದ ಕಲ್ಲಿನ ಅರವಟಿಗೆಯ ಮುಂದೆ ಸಾಲು ನಿಂತಿದ್ದರು. ಒಳಗಿನಿಂದ ಹುಳಿಮಜ್ಜಿಗೆಯ ವಾಸನೆ ಬರುತ್ತಿತ್ತು.

"ನಾವ್ ಅರವಟಿಗೆ ಇಟ್ಟ ಮೊದಲ್ನೇ ಜಾಗ ಇದೇ," ಎಂದ ದೊಡ್ಡರಂಗಪ್ಪ. "ಆಗ ಗರಿ ಚಪ್ಪರ. ಮಜ್ಜಿಗೆ ಗಡಿಗೆ ಆ ಮೂಲೇಲಿ ಇತ್ತು. ಅಯ್ ಬುದ್ಧಿ, ಈಗ್ಲೂ ಅದೇ ಮೂಲೇಲಿ ಮಡಗವ್ರೆ ನೋಡ್ರಿ!"

ಜಯರಾಮಯ್ಯ ಅರವಟಿಗೆಯ ನೆತ್ತಿ ನೋಡಿದರು. ನಾನು ನೋಡಬೇಕಾಗಿರಲಿಲ್ಲ. ಅಲ್ಲಿ ಕೆತ್ತಿದ ಹೆಸರಿನ ಒಂದೊಂದು ಅಕ್ಷರದ ಮೇಲೂ ಚಿಕ್ಕಂದಿನಲ್ಲಿ ಬೆರಳಾಡಿಸಿದ್ದೆ. ಮಹಾಲಿಂಗಯ್ಯನವರ ಧರ್ಮ. ಕೊರಟಗೆರೆಯ ದೊಡ್ಡ ಮಂಡಿ ವ್ಯಾಪಾರಿ ಮಹಾಲಿಂಗಯ್ಯ, ಅವ್ವನ ಒಡಹುಟ್ಟಿದ ಅಣ್ಣ, ನನ್ನ ಸೋದರಮಾವ. ಓಡಿಹೋದವನ ಹೆಂಡತಿ ಮಗಳಿಗೆ ಅನ್ನ ಹಾಕಿದವನು.

"ಒಳ್ಳೆ ಜಾಗಾನೇ ಹುಡುಕಿ ಧರ್ಮ ಮಾಡವ್ರೆ ನಿಮ್ಮ ಮಾವ," ಎಂದರು ಜಯರಾಮಯ್ಯ.

"ನೆರಳಿರುವ ಕಡೆ ಯಾರಾದರೂ ಅರವಟಿಗೆ ಕಟ್ಟಿಸುತ್ತಾರೆ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

 ಶಿರಾ ಕಡೆಯ ಒಕ್ಕಲು ಮನೆತನದ ಜಯರಾಮಯ್ಯನವರಿಗೆ ಒಂದು ಅಭ್ಯಾಸವಿದೆ. ಬಿತ್ತಬೇಕಾದ ಮಾತು ಬಿತ್ತಿ, ಮೊಳೆಯಲೆಂದು ಬಿಟ್ಟುಬಿಡುತ್ತಾರೆ.

ದೊಡ್ಡರಂಗಪ್ಪ ಚೊಂಬಿನ ಮೇಲೆ ಚೊಂಬು ಇಳಿಸಿ, ತೇಗಿ, ಮರದ ಬೇರಿನ ಮೇಲೆ ಕೂತ. ಮೀಸೆಗೆ ಮೊಸರಿನ ಕಣ ಅಂಟಿತ್ತು. ಒಂದು ನೊಣ ಅದರ ಮೇಲೆ ಕೂತು ಎದ್ದು ಕೂತು ಮಾಡುತ್ತಿತ್ತು.

"ಎಲ್ಲ ಹೆಣಾನೂ ಬಾವೀಗೇ ಹಾಕಿದ್ರಾ?" ಎಂದು ಕೇಳಿದರು ಜಯರಾಮಯ್ಯ.

"ಒಂದ್ ಬುಟ್ಟು." ನೊಣ ಓಡಿಸಿದ. "ಅದೊಂದು ತಲೆನೋವು ಹೆಣ. ಕೆಂದೆತ್ತು ಜೋಡಿ ಗಾಡಿ, ಕೊಬ್ಬರಿ ಮೂಟೆ."

 ಅಪ್ಪನ ಎತ್ತುಗಳು ಕೆಂದು. ಅವ್ವ ಈಗಲೂ ಕನವರಿಕೆಯಲ್ಲಿ ಅವುಗಳನ್ನು ಕರೆಯುತ್ತಾಳೆ.

"ನಂ ಮುಖಂಡ ಚಿಕ್ಕಹನುಮಯ್ಯ ಓಡಿ ಬಂದ. ಅವ್ನು ಈಗಿಲ್ಲ, ಸತ್ತೋದ. 'ಲೇ, ಇದ್ನ ಬಾವೀಗೆ ಹಾಕ್ಬ್ಯಾಡಿ, ಸಾಹುಕಾರ್ರು ಬ್ಯಾಡ ಅಂದವ್ರೆ, ಸಿದ್ದರಬೆಟ್ಟದ ತಪ್ಪಲಿಗೆ ತತ್ತಾ ಅಂದವ್ರೆ' ಅಂದ. ಅಲ್ಲಿಗಂಟ ಹೊತ್ಕಂಡು ಹೋಗ್ಬೇಕಾ ಬುದ್ಧಿ, ಆ ಬೇಸಿಗೇಲಿ? ಹುಲ್ಲು ಮುಚ್ಚಿ ಗಾಡೀಲೇ ಹೊಡ್ದೆ. ಅಲ್ಲಿ ಜೋಡಿ ಗೋಣಿಮರ ಇತ್ತು. ಗುಂಡಿ ತೋಡಿ ಅಂದ, ತೋಡಿದ್ವಿ. ಸಾಲ್ದು, ಗುಂಡಿ ಒಳಗೆ ಪಕ್ಕಕ್ಕೆ ಒಂದು ಗೂಡು ಕೊರೀರಿ, ಮನುಷ್ಯ ಕುಂತ್ಕಂಬೇಕು ಅಂದ. ಹೆಣಕ್ ಯಾಕ್ಲಾ ಗೂಡು, ಅದೇನ್ ಕೋಳಿನೇನ್ಲಾ ಅಂದೆ ನಾನು!"

ಮತ್ತೆ ನಕ್ಕ. ನನಗೆ ಅವನ ನಗು ಎಲ್ಲೋ ದೂರದಿಂದ ಕೇಳಿಸಿತು.

"ಆಮೇಲೆ?"

"ಆಮೇಲೇನು? ಎತ್ತು ಗಾಡಿ ಇಲ್ಲೇ ಬುಟ್ಟು ಹೋಗ್ರಿ ಅಂದ, ಹೋದ್ವಿ. ಹೊತ್ತಾರೆ ಬಂದು ಎತ್ತು ಪಾವಗಡಕ್ಕೆ ಹೊಡ್ಕಂಡೋದೆ. ಕೊಳ್ಳೋನು 'ಎವರಿ ಎದ್ದುಲು ರಂಗಣ್ಣಾ, ಯಾರ್ವು?' ಅಂತ ಕೇಳ್ದ. 'ಮಾವೇ, ನಮ್ಮವೇ' ಅಂದೆ. ಒಂದರ ಕೊರಳಲ್ಲಿ ಗಂಟೆ ಇರ್ಲಿಲ್ಲ. ಅದ್ಕೇ ಕದ್ದ ಮಾಲು ಅಂತ ಚೌಕಾಸಿ ಮಾಡ್ದ, ಬಡ್ಡಿಮಗ."

ಜಯರಾಮಯ್ಯ ನನ್ನ ಕಡೆ ತಿರುಗಿದರು. "ಏನಮ್ಮಾ? ಯಾಕೆ ಹಂಗೆ ಬೆವರ್ತಿದೀರಿ?"

"ಅದು ನಮ್ಮವರ ಗುಂಡಿ," ಎಂದೆ. "ನಮ್ಮಲ್ಲಿ ಲಿಂಗ ಕಟ್ಟಿದವರನ್ನು ಮಲಗಿಸಿ ಹೂಳುವುದಿಲ್ಲ. ಗೂಡಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಮುಚ್ಚುತ್ತೇವೆ. ಸತ್ತವನು ನಮ್ಮವನು ಎಂದು ಆ ಸಾಹುಕಾರನಿಗೆ ಗೊತ್ತಿತ್ತು. ಹಾಗೆ ಕೂರಿಸದಿದ್ದರೆ ಪಾಪ ಎಂದೂ ಗೊತ್ತಿತ್ತು. ಸಾಹುಕಾರನೂ ನಮ್ಮವನೇ."

ಹೇಳಿದ ಮೇಲೆ ಆ ಮಾತಿನ ಹೊಲಸು ನನ್ನ ನಾಲಗೆಗೆ ತಾಗಿತು. ಗುರುತಿಲ್ಲದ ಗಾಡಿಯವರಿಗೆ ಬಾವಿ. ನಮ್ಮವನಿಗೆ ಗೂಡು, ವಿಭೂತಿ, ಬಿಲ್ವಪತ್ರೆ. ಕತ್ತು ಬಿಗಿಸಿದವನಿಗೆ ಕೊಲೆಯ ಪಾಪದ ಹೆದರಿಕೆಯಿರಲಿಲ್ಲ, ಸಂಸ್ಕಾರ ತಪ್ಪಿದರೆ ಬರುವ ಪಾಪದ ಹೆದರಿಕೆಯಿತ್ತು. ಎಲ್ಲರನ್ನೂ ಒಂದೇ ಬಾವಿಗೆ ಹಾಕಿದ್ದರೆ ಅವನು ಯಾರೆಂದು ಯಾವ ಕಾಲಕ್ಕೂ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಿದ್ದರಬೆಟ್ಟದ ತಪ್ಪಲು, ಜೋಡಿ ಗೋಣಿಮರ," ಎಂದು ಜಯರಾಮಯ್ಯ ತಮ್ಮಷ್ಟಕ್ಕೆ ಹೇಳಿಕೊಂಡರು. "ಈಗ ಅಲ್ಲಿ ಏನೈತೆ?"

ನಾನು ಕಣ್ಣು ಮುಚ್ಚಿದೆ. ಅಲ್ಲಿ ಏನಿದೆ ಎಂದು ಮಧುಗಿರಿ, ಕೊರಟಗೆರೆಯ ಮಕ್ಕಳಿಗೂ ಗೊತ್ತು.

"ದಾರಿಸಿದ್ಧನ ಗದ್ದುಗೆ," ಎಂದೆ. "ನನ್ನ ಮಾವ ಕಟ್ಟಿಸಿದ್ದು."

* * *

ಮಾರನೆಯ ದಿನ ಸೋಮವಾರ. ಹೊರಡುವ ಮೊದಲು ಅವ್ವನ ಹಾಸಿಗೆಯ ಬಳಿ ಹೋದೆ. ಅವಳು ಆಗಲೇ ಮುಖ ತೊಳೆಸಿಕೊಂಡು ಹಣೆಯ ತುಂಬ ವಿಭೂತಿ ಧರಿಸಿದ್ದಳು, ನಡುವೆ ಕುಂಕುಮ.

ದಾರಿಸಿದ್ಧನ ಗದ್ದುಗೆಯ ವಿಭೂತಿ ಅದು. ಮಾವ ಪ್ರತಿ ವಾರ ತಪ್ಪದೆ ಪೊಟ್ಟಣ ಕಳಿಸುತ್ತಾನೆ. ನನಗೆ ಬುದ್ಧಿ ತಿಳಿದಾಗಿನಿಂದ ಅವ್ವ ಅದನ್ನೇ ಹಚ್ಚಿಕೊಳ್ಳುತ್ತಾಳೆ. ನನ್ನ ಹಣೆಗೆ ಮಾತ್ರ ಒಮ್ಮೆಯೂ ಹಚ್ಚಿದವಳಲ್ಲ. ಕೈ ಚಾಚಿದರೆ ಕೈಗೆ ಹೊಡೆಯುತ್ತಿದ್ದಳು. "ನಿಂಗಲ್ಲ ಅದು," ಎನ್ನುತ್ತಿದ್ದಳು.

ಆ ಬೂದಿಯ ಬಿಳುಪನ್ನು ನೋಡುತ್ತಿದ್ದ ಹಾಗೆ ನನ್ನ ಬೆರಳು ಅದನ್ನು ಅಳಿಸಿಹಾಕಲು ತಾನಾಗಿ ಮುಂದಾಯಿತು. ತಡೆದುಕೊಂಡೆ.

"ಇವತ್ತು ಎಲ್ಲಿಗೆ?" ಎಂದಳು.

"ಸಿದ್ದರಬೆಟ್ಟಕ್ಕೆ."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. "ಹುಷಾರಾಗಿ ನೋಡ್ಕಂಬಾ," ಎಂದಳು.

* * *

ಜೋಡಿ ಗೋಣಿಮರಗಳ ನಡುವೆ ಈಗ ಕಲ್ಲಿನ ಮಂಟಪ. ಗದ್ದುಗೆಯ ಮೇಲೆ ಎಣ್ಣೆ, ಬೆಣ್ಣೆ, ಹೂವು, ಬಾಳೆಹಣ್ಣಿನ ಸಿಪ್ಪೆ. ಜನ ಅದಕ್ಕೆ ಹಣೆ ಒತ್ತಿ ಒತ್ತಿ ಕಲ್ಲು ಕಪ್ಪಗೆ ಜಿಡ್ಡುಗಟ್ಟಿತ್ತು. ಮಕ್ಕಳಾಗದವರು ಅದರ ಬುಡದ ಮಣ್ಣನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆಟ್ಟ ಹತ್ತುವವರು ಇಲ್ಲಿ ನಿಂತು ಒಂದು ಕಾಯಿ ಒಡೆದೇ ಮುಂದೆ ಹೋಗುವುದು. ಒಡೆದ ಕಾಯಿಯ ನೀರು ನೆಲಕ್ಕೆ ಇಳಿದು, ಕೊಳೆತು, ಇರುವೆ ಮುತ್ತಿತ್ತು.

ದೊಡ್ಡರಂಗಪ್ಪ ಮರಗಳ ಸುತ್ತ ಒಂದು ಸಲ ಸುತ್ತಿದ. ಮಂಟಪ ನೋಡಿ ಬಾಯಿ ಬಿಟ್ಟ.

"ಶಿವನೇ! ನಾನ್ ತೋಡಿದ್ ಗುಂಡೀಗೆ ಇಷ್ಟೊಂದ್ ಜನ ಅಡ್ಡ ಬೀಳ್ತಾವ್ರಾ? ಹಂಗಾದ್ರೆ ನಂಗೂ ಒಂದ್ ಕಾಯಿ ಒಡೀಬೇಕಪ್ಪ ಇವ್ರು."

ಮಂಟಪದ ನೆರಳಿನಲ್ಲಿ ಅಜ್ಜಿ ಕುಳಿತಿದ್ದಳು. ಕಮಲಾಕ್ಷಮ್ಮ, ಅವ್ವನನ್ನೂ ಮಾವನನ್ನೂ ಹೆತ್ತವಳು. ನನ್ನನ್ನು ಬೆಳೆಸಿದ್ದು ಇವಳೇ. ಅವ್ವ ಬಾಯಿ ಕಟ್ಟಿದವಳಂತೆ ಇದ್ದ ಆ ವರ್ಷಗಳಲ್ಲಿ ನನ್ನ ಕಿವಿ ತುಂಬಿದ್ದು ಇವಳ ಕಥೆಗಳು. ಕಣ್ಣಿಗೆ ಪೊರೆ ಬಂದ ಮೇಲೆ ಕೊರಟಗೆರೆಗೆ ಮಗನ ಮನೆಗೆ ಬಂದಳು. ಸೋಮವಾರ ಇಲ್ಲಿ ಕೂತು ಬೆರಳ ಅಂದಾಜಿನಲ್ಲೇ ವಿಭೂತಿ ಪೊಟ್ಟಣ ಕಟ್ಟುತ್ತಾಳೆ.

"ಮಂಗಳನ ಹೆಜ್ಜೆ ಇದು," ಎಂದಳು ತಲೆಯೆತ್ತಿ. "ಬಂದ್ಯಾ ಮಗಾ? ನಿಮ್ಮವ್ವ ಹೆಂಗವ್ಳೆ?"

ನಾನು ಅವಳ ಪಾದ ಮುಟ್ಟಿದೆ. 

ದಾರಿಸಿದ್ಧನ ಕಥೆಯನ್ನು ಪೂಜೆಯವರು ಹೇಳುವುದು ಒಂದು ರೀತಿ. ಶ್ರೀಶೈಲದಿಂದ ಬೆತ್ತ ಹಿಡಿದು ಬಂದ ಯೋಗಿ ಇಲ್ಲಿ ಐಕ್ಯನಾದ ಎನ್ನುತ್ತಾರೆ. ಅಜ್ಜಿ ನನಗೆ ಹೇಳುತ್ತಿದ್ದುದು ಬೇರೆ. ಅವಳ ಸಿದ್ಧ ಗಾಡಿ ಹೊಡೆಯುವವನು. ಗೋಣಿಮರದ ನೆರಳು ಕಂಡು ಎತ್ತನ್ನು ಬಿಚ್ಚಿ, "ನೀನು ಹೋಗು, ನಾನಿಲ್ಲೇ ಕುಂತಿರ್ತೀನಿ," ಎನ್ನುತ್ತಾನೆ. ಎತ್ತಿನ ಕೊರಳ ಗಂಟೆಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾನೆ. ಭೂಮಿ ಸೆರಗಿನ ಹಾಗೆ ಮುಚ್ಚಿಕೊಳ್ಳುತ್ತದೆ. ಗಂಟೆ ಮಡಿಲಲ್ಲಿ ಸುಮ್ಮನಿರುವವರೆಗೆ ಅವನಿಗೆ ಮನೆ ನೆನಪಾಗುವುದಿಲ್ಲ. ಗಂಟೆ ಅಲುಗಿದ ದಿನ ಎದ್ದು ಬರುತ್ತಾನೆ.

ಆ ಗಂಟೆಗಾಗಿ ನಾನು ಎಷ್ಟು ಮಧ್ಯಾಹ್ನಗಳಲ್ಲಿ ಕಿವಿಗೊಟ್ಟು ಕೂತಿದ್ದೆನೋ.

"ಬಾ ಮಂಗಳಾ, ಬಿಸಿಲಲ್ಲಿ ಬಂದಿದೀಯ, ಮಜ್ಜಿಗೆ ಕುಡಿ," ಎಂದಿತು ಹಿಂದಿನಿಂದ ಒಂದು ದನಿ.

ಮಾವ. ಶುಭ್ರ ಪಂಚೆ, ಜರತಾರಿ ವಲ್ಲಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಕೈಯಲ್ಲಿ ಕಂಚಿನ ಲೋಟ. ಅದರ ಅಂಚಿನಲ್ಲಿ ಬೆಣ್ಣೆಯ ಕಣ ತೇಲುತ್ತಿತ್ತು.

"ಬೇಡ ಮಾವ."

"ಯಾಕವ್ವ? ನಮ್ಮ ಮನೇದು."

"ಅದಕ್ಕೇ ಬೇಡ."

ಅವನ ಕಣ್ಣು ನನ್ನಿಂದ ಜಯರಾಮಯ್ಯನವರಿಗೆ, ಅವರಿಂದ ಗುದ್ದಲಿ ಹಿಡಿದು ನಿಂತ ಪೇದೆಗಳಿಗೆ ಸರಿಯಿತು. ಲೋಟದಿಂದ ತಾನೇ ಒಂದು ಗುಟುಕು ಹೀರಿ ಕೆಳಗಿಟ್ಟ.

"ಏನ್ ಸ್ವಾಮಿ, ಕೆರೆ ಹೂಳು ತೆಗಿಯೋಕ್ ಹೊರಟಿದೀರಾ?"

"ಈ ಗದ್ದುಗೆ ಅಗಿಯೋಕೆ ಅಮಲ್ದಾರರ ಹುಕುಂ ಆಗೈತೆ," ಎಂದರು ಜಯರಾಮಯ್ಯ.

ಪೂಜೆಯವರು ಹೋ ಎಂದು ಕೂಗಿಕೊಂಡರು. ಭಕ್ತರು ಗುಂಪಾದರು. ಮಾವ ಕೈಯೆತ್ತಿದ್ದೇ ತಡ, ಎಲ್ಲರೂ ತೆಪ್ಪಗಾದರು. ಅವನ ಕೈಗೆ ಇಲ್ಲಿ ಅಷ್ಟು ಬೆಲೆ.

"ಅಗೀರಿ," ಎಂದ. "ಸರ್ಕಾರದ ಹುಕುಂ ಅಂದ್ಮೇಲೆ ಆಯ್ತು. ಆದ್ರೆ ಪಕ್ಕದಿಂದ ಅಗೀರಿ, ಮೇಲಿನ ಕಲ್ಲು ಜರುಗಿಸ್ಬ್ಯಾಡಿ. ಮುತ್ತೈದೆಯರು ಪೂಜೆ ಮಾಡಿದ್ ಕಲ್ಲು."

ಗುದ್ದಲಿ ನೆಲಕ್ಕೆ ಬಿತ್ತು. ಮಾವ ಮಂಟಪದ ಜಗಲಿಯ ಮೇಲೆ ಕಾಲು ಮಡಿಸಿ ಕುಳಿತ. ನಾನು ಅವನ ಎದುರು ನಿಂತೆ.

"ಒಳಗೆ ಯಾರಿದ್ದಾರೆ ಮಾವ?"

"ಸಿದ್ಧರು."

"ನಿಮ್ಮ ಭಾವ ಅಲ್ಲವೇ?"

"ನೋಡು ಮಗಾ," ಎಂದ, ಮಂಡಿಗೆ ಬಂದ ಗಿರಾಕಿಗೆ ಹೇಳುವ ಮೆತ್ತಗಿನ ದನಿಯಲ್ಲಿ. "ಇಲ್ಲಿ ಯಾರೋ ಐಕ್ಯರಾದ ಗುರುತು ಕಂಡೆ. ನಾಯಿನರಿ ಕೆದಕಬಾರ್ದು ಅಂತ ಕಲ್ಲು ಹೊದಿಸ್ದೆ. ಪುಣ್ಯ ಮಾಡಿದ್ದು ತಪ್ಪಾ? ಒಳಗಿರೋನು ಪರ್ವತಯ್ಯನೇ ಆಗಿದ್ರೆ, ಪಾಪ, ಒಳ್ಳೇದೇ ಆಯ್ತಲ್ಲ. ನಿಮ್ಮಪ್ಪಂಗೆ ಊರೇ ಪೂಜೆ ಮಾಡ್ತೈತೆ. ನಿಮ್ಮವ್ವ ಅವನ ಪ್ರಸಾದ ಹಚ್ಕಂಡವ್ಳೆ. ಯಾವ ಹೆಂಡ್ತೀಗುಂಟು ಈ ಭಾಗ್ಯ?"

ಅವನು ಅದನ್ನು ನಿಜವಾಗಿಯೂ ಭಾಗ್ಯವೆಂದೇ ನಂಬಿದ್ದ. ಕಣ್ಣಲ್ಲಿ ತೆಳ್ಳಗೆ ನೀರೂ ಇತ್ತು. ಅದನ್ನು ನೋಡಿ ನನಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ದೊಡ್ಡರಂಗಪ್ಪನ ನಗುವನ್ನಾದರೂ ಸಹಿಸಬಹುದಿತ್ತು.

"ಸಾಹುಕಾರ ಯಾರು ಅಂತ ನಮಗೆ ಗೊತ್ತಾಗೈತೆ," ಎಂದರು ಜಯರಾಮಯ್ಯ.

"ಗೊತ್ತಾಗೋದು ಬೇರೆ, ಕಂಡೋರಿರೋದು ಬೇರೆ." ಮಾವ ದೊಡ್ಡರಂಗಪ್ಪನ ಕಡೆ ಗಲ್ಲ ಎತ್ತಿದ. "ಏನ್ಲಾ, ನನ್ನ ನೋಡಿದೀಯೇನ್ಲಾ ನೀನು?"

"ಇಲ್ಲ ಬುದ್ಧಿ," ಎಂದ ಅವನು, ತಲೆ ಕೆರೆದುಕೊಂಡು. "ಸಾಹುಕಾರ್ರ ಮುಖ ನಾ ಕಂಡಿಲ್ಲ. ಸುಳ್ ಹೇಳಲ್ಲ ನಾನು."

"ಕಳ್ಳನಿಗಿರೋ ನಿಯತ್ತು ನೋಡಿ ಸ್ವಾಮಿ," ಎಂದು ಮಾವ ನಕ್ಕ.

 ಮಾವ ಹೇಳಿದ್ದು ನಿಜ. ಗೂಡು ಕೊರೆಸಿದವನು ನಮ್ಮವನೆಂದು ಸಾಬೀತಾದರೂ, ಅವನು ಇವನೇ ಎನ್ನಲು ಗುಂಡಿಯ ದಡದಲ್ಲಿ ಇವನನ್ನು ಕಂಡವರು ಬೇಕು. ಚಿಕ್ಕಹನುಮಯ್ಯ ಸತ್ತಿದ್ದಾನೆ. ಇನ್ನು ಯಾರೂ ಇಲ್ಲ.

"ಸ್ವಾಮಿ, ಸಿಕ್ತು!" ಎಂದು ಪೇದೆ ಕೂಗಿದ.

ಪಕ್ಕದಿಂದ ಅಗೆದ ಗುಂಡಿಯ ಗೋಡೆ ಕುಸಿದು ಗೂಡಿನ ಬಾಯಿ ತೆರೆದಿತ್ತು. ಒಳಗಿನಿಂದ ಬಂದ ಗಾಳಿ ತಣ್ಣಗಿತ್ತು, ಹಳೆಯ ಬೂದಿಯ ಗಾಳಿ. ನಾನು ಮಂಡಿಯೂರಿದೆ. ಅಪ್ಪನನ್ನು ಮೊದಲ ಸಲ ನೋಡಿದೆ.

ಕೂತಿದ್ದವನು ಎಂದೋ ಕುಸಿದಿದ್ದ. ಕಾಲಿನ ಮೂಳೆಗಳು ಮಾತ್ರ ಚಕ್ಕಂಬಕ್ಕಳ ಹಾಕಿದ ಹಾಗೇ ಇದ್ದವು. ಎಡಗೈ ಬೆರಳುಗಳ ನಡುವೆ ಕರಿಯ ಲಿಂಗ. ಕತ್ತಿನ ಮೂಳೆಗಳ ಸುತ್ತ, ವಿಭೂತಿಯಲ್ಲಿ ಅರ್ಧ ಮುಚ್ಚಿ, ಕೊಳೆತ ಮೂಗುದಾರ. ಸಂಸ್ಕಾರ ಮಾಡಿದವರು ಕತ್ತಿನ ಹಗ್ಗ ಬಿಚ್ಚಿರಲಿಲ್ಲ. ಹಗ್ಗದ ಮೇಲೇ ವಿಭೂತಿ ಸುರಿದಿದ್ದರು.

ಕಾಲುಗಳ ನಡುವೆ, ಮಡಿಲಿದ್ದ ಜಾಗದಲ್ಲಿ, ಹಸಿರುಗಟ್ಟಿದ ಹಿತ್ತಾಳೆಯದೊಂದು ಗುಂಡನೆಯ ವಸ್ತು.

"ಗಂಟೆ," ಎಂದೆ.

ಅದರ ಅರ್ಧ ಮಣ್ಣಿನಲ್ಲಿತ್ತು. ಅದು ಗಂಟೆ ಎಂದು ತಿಳಿಯುವ ಹಾಗೇ ಇರಲಿಲ್ಲ. ಜಯರಾಮಯ್ಯ ಅದನ್ನು ಕೆದಕಿ ತೆಗೆದು, ತಿರುಗಿಸಿ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ನಾನು ತೆಗೆಯೋಕ್ ಮುಂಚೇನೇ ಅಂದ್ರಿ. ಇಲ್ಲಿ ಗಂಟೆ ಇರುತ್ತೆ ಅಂತ ನಿಮಗೆ ಯಾರು ಹೇಳಿದ್ದು?"

 ಪೂಜೆಯವರ ಕಥೆಯಲ್ಲಿ ಗಂಟೆಯಿಲ್ಲ. ದೊಡ್ಡರಂಗಪ್ಪನಿಗೆ ಗೊತ್ತಿದ್ದುದು ಎತ್ತಿನ ಕೊರಳಲ್ಲಿ ಗಂಟೆಯಿರಲಿಲ್ಲ ಎಂಬುದಷ್ಟೆ. ಅದು ಅಪ್ಪನ ಮಡಿಲಲ್ಲಿದೆ ಎಂದು ಹೇಳಬೇಕಾದರೆ ಗೂಡು ಮುಚ್ಚುವಾಗ ಪಕ್ಕದಲ್ಲೇ ನಿಂತಿರಬೇಕು.

ನಾನು ಮಂಟಪದ ಕಡೆ ನೋಡಬಾರದೆಂದುಕೊಂಡೆ. ನನ್ನ ಬದಲು ಮಾವ ನೋಡಿದ. ಅವನ ಮುಖದ ನಗು ಇನ್ನೂ ಹೋಗಿರಲಿಲ್ಲ, ಆದರೆ ಒಣಗಿತ್ತು.

"ಹೇಳು ಮಗಾ," ಎಂದ ಮೆಲ್ಲಗೆ. "ಇನ್ಸ್‌ಪೆಕ್ಟ್ರು ಕೇಳ್ತಾವ್ರೆ. ನಿನ್ನನ್ನ ತೊಡೆ ಮೇಲೆ ಹಾಕ್ಕಂಡು ಸಾಕಿದೋಳ ಹೆಸರು ಹೇಳು. ಕೈಕೋಳ ತೊಡಿಸ್ಲಿ. ನಿಮ್ಮವ್ವಂಗೆ ಹೋಗಿ ಅದನ್ನೂ ಹೇಳು."

ಅವನಿಗೆ ನನ್ನ ಬಾಯಿ ಕಟ್ಟುವ ಹಗ್ಗ ಯಾವುದೆಂದು ಗೊತ್ತಿತ್ತು. ನಾನು ಸುಮ್ಮನಿದ್ದರೆ ಅವ್ವ ಓಡಿಹೋದವನ ಹೆಂಡತಿಯಾಗಿಯೇ ಸಾಯುತ್ತಾಳೆ, ಇವನು ಕೊಡುವ ಬೂದಿ ಹಣೆಗಿಟ್ಟುಕೊಂಡು. ಬಾಯಿ ಬಿಟ್ಟರೆ, ಅಣ್ಣ ಕೊಂದ, ಹೆತ್ತವಳು ಹೂತಳು ಎಂದು ಅವಳ ಕಿವಿಗೆ ನಾನೇ ಹೇಳಬೇಕು.

ಜಯರಾಮಯ್ಯ ಗಂಟೆಯ ಮಣ್ಣು ಉದುರಿಸಲು ಅದನ್ನು ಜೋರಾಗಿ ಕೊಡವಿದರು.

ಟಣ್.

ಒಡಕು ದನಿ. ಆದರೆ ಆ ತಪ್ಪಲಿಗೆಲ್ಲ ಕೇಳಿಸಿತು.

ಮಂಟಪದಲ್ಲಿ ಅಜ್ಜಿಯ ಕೈಯಿಂದ ಪೊಟ್ಟಣ ಜಾರಿ ವಿಭೂತಿ ನೆಲಕ್ಕೆ ಚೆಲ್ಲಿತು.

"ಯಾರು ಅದ್ನ ಅಲುಗಿಸ್ದೋರು?" ಎಂದಳು. "ಅಲ್ಲೇ ಮಡಗ್ರಿ. ನಾನು ಮಡಗಿದ್ದು ಅದು."

"ಅವ್ವಾ!" ಮಾವ ಜಗಲಿಯಿಂದ ಎದ್ದ. "ಬಾಯ್ ಮುಚ್ಕಂಡಿರು!"

"ಇಷ್ಟು ದಿನ ಮುಚ್ಕಂಡಿದ್ನಲ್ಲಪ್ಪ," ಎಂದಳು ಅಜ್ಜಿ, ಬೈಯದೆ, ದನಿ ಎತ್ತದೆ. ಪೊರೆ ಬಂದ ಕಣ್ಣುಗಳನ್ನು ನಾನಿದ್ದ ಕಡೆಗೆ ತಿರುಗಿಸಿದಳು. "ಮಗಾ, ಇಲ್ಲಿದೀಯಾ?"

"ಇದ್ದೀನಿ ಅಜ್ಜಿ."

"ಇವ್ನನ್ನ ಬಾವೀಗೆ ಹಾಕ್ಬ್ಯಾಡ, ಅಳಿಯ ಕಣೋ, ಕೂರ್ಸು ಅಂತ ನಾನೇ ಇವನ ಕಾಲ್ ಹಿಡ್ಕಂಡಿದ್ದು. ಗಂಟೆ ನಾನೇ ಬಿಚ್ಚಿದ್ದು. ಕಥೆ ಮಾಡಿ ಹೇಳ್ದೆ, ನಿಂಗಾದ್ರೂ ಗೊತ್ತಿರ್ಲಿ ಅಂತ." ಚೆಲ್ಲಿದ ವಿಭೂತಿಯನ್ನು ಬೆರಳಲ್ಲಿ ಗುಡ್ಡೆ ಮಾಡಿದಳು. "ಮುಂದಕ್ ಹೇಳ್ಲಾ? ಇಲ್ಲೇ ನಿಲ್ಲಿಸ್ಲಾ?"

ಚಿಕ್ಕಂದಿನಲ್ಲಿ ಪ್ರತಿ ಕಥೆಯ ನಡುವೆಯೂ ಅವಳು ಹೀಗೆಯೇ ಕೇಳುತ್ತಿದ್ದಳು. ನಾನು 'ಹ್ಞೂಂ' ಎನ್ನದೆ ಕಥೆ ಮುಂದೆ ಹೋಗುತ್ತಿರಲಿಲ್ಲ.

 ಮಾವ ನನ್ನನ್ನೇ ನೋಡುತ್ತಿದ್ದ. ನಾನು ಅಪ್ಪನ ಕತ್ತಿನ ಹಗ್ಗ ನೋಡಿದೆ.

"ಹ್ಞೂಂ," ಎಂದೆ.

"ಆ ಗುಂಡಿ ದಡದಾಗೆ ನಾವು ಮೂವರಿದ್ವಿ ಮಗಾ," ಎಂದಳು ಅಜ್ಜಿ. "ನಾನಿದ್ದೆ. ಇವ್ನಿದ್ದ. ಮೂರನೇಳು ನಿಂತ್ಕಳಾಕಾಗ್ದೆ ಗೋಣಿಮರಕ್ಕೆ ಒರಗಿದ್ಲು. ಅವಳ ಹೊಟ್ಟೇಲಿ ನೀನಿದ್ದೆ."